ನೋ-ಗೋ ಏರಿಯಾಕ್ಕೆ ಹೋಗಿಬಂದೆ

ಸಿರುಗುಪ್ಪದ ಬಳೆ ಅಂಗಡಿ

“ನೀರು ಕುಡಿ. ಉಪ್ಪಿಂದು, ಖಾರದ್ದು ಏನು ಕೊಟ್ರೂ ತಿನ್ನು. ಸಿಹಿ ಮಾತ್ರ ಬಾಯಾಗ ಇಟ್ಟಿ ಅಂದ್ರ ನನ್ನ ಮಾರಿ ನೋಡಬ್ಯಾಡ, ನೀಲಿ.”

ಐರ್ಲೆಂಡಿಗೆ ಹೊರಟವಳಿಗೆ ನಮ್ಮಕ್ಕ ಕೊಟ್ಟ ಸಲಹೆ ಇದೊಂದೇ. ಸ್ವೆಟರ್ ತಗೊಂಡಿಯಾ, ಪಾಸ್‌ಪೋರ್ಟ್ ಎಲ್ಲಿಟ್ಟಿ, ವಿಮಾನದಲ್ಲಿ ತಲೆ ತಿರುಗಿದರೆ ಏನು ಮಾಡ್ತಿ, ಊಹೂಂ, ಒಂದನ್ನೂ ಕೇಳಲಿಲ್ಲ. ಸಿರುಗುಪ್ಪದ ತನ್ನ ಬಳೆ ಅಂಗಡಿಯಲ್ಲಿ ಕೂತು, ಕರೂರಿನಿಂದ ಬಂದ ಹೆಣ್ಣುಮಗಳ ಕೈಗೆ ಹಸಿರು ಬಳೆ ಏರಿಸುತ್ತಾ, ನನ್ನ ಕಡೆ ತಿರುಗಿಯೂ ನೋಡದೆ ಹೇಳಿದಳು. ಆ ಹೆಣ್ಣುಮಗಳು ಮಾತ್ರ ನನ್ನನ್ನೇ ನೋಡುತ್ತಿದ್ದಳು, ಪಾಪ, ಈಕೆಗೆ ಎಂಥಾ ಸಕ್ಕರೆ ಕಾಯಿಲೆಯೋ ಅಂತ.

ಕಾಯಿಲೆ ಅಲ್ಲ, ನಮ್ಮ ಮನೆತನದ ಪದ್ಧತಿ. ಹುಡುಗನ ಮನೆ ನೋಡಲು ಹೋದವರು ಅಲ್ಲಿ ಸಿಹಿ ತಿಂದರೆ ಮಾತು ಕೊಟ್ಟ ಹಾಗೆ. ಮನಸ್ಸು ಒಪ್ಪಿಲ್ಲ ಅಂದರೆ ಮಂಡಾಳು ಒಗ್ಗರಣೆ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ತಿಂದು, ಕೈ ತೊಳೆದು, “ಊರಿಗೆ ಹೋಗಿ ತಿಳಿಸ್ತೀವ್ರಿ” ಅಂತ ಎದ್ದು ಬರಬಹುದು. ಯಾರಿಗೂ ಬೇಜಾರಿಲ್ಲ. ಒಂದು ಚಮಚ ಶಿರಾ ಗಂಟಲಲ್ಲಿ ಇಳಿಯಿತೋ, ಮುಗೀತು, ಇನ್ನು ಲಗ್ನದ ದಿನ ಗೊತ್ತುಮಾಡುವುದೇ ಬಾಕಿ.

ಈ ಸಲ ನಾನು ನೋಡಲು ಹೋಗುತ್ತಿದ್ದ ಮನೆ ಐರ್ಲೆಂಡಿನ ಉತ್ತರದ ತುದಿಯಲ್ಲಿರುವ ಡೆರ್ರಿ ಎಂಬ ಊರಿನಲ್ಲಿತ್ತು. ಅಕ್ಕನ ಒಬ್ಬಳೇ ಮಗಳು ಅನ್ನಪೂರ್ಣ, ನಮಗೆಲ್ಲ ಅನ್ನು, ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಆ ಊರಿನ ಡರ್ಮಟ್ ಎಂಬ ಹುಡುಗನನ್ನು ಮೆಚ್ಚಿದ್ದಳು. ಹುಡುಗ ಬಿಳಿಯ ಅಂತ ಅಕ್ಕ ಮೊದಲು ಅತ್ತಳು, ಊಟ ಬಿಟ್ಟಳು, ಮತ್ತೆ ತಾನೇ ಊಟ ಮಾಡಿದಳು. ಫೋನಿನಲ್ಲಿ ಅವನು “ಅಮ್ಮಾರೇ, ಆರಾಮ ಅದೀರಾ?” ಅಂತ ಕೇಳಿದ ದಿನ ಅರ್ಧ ಕರಗಿದಳು. ಶಾಲೆಯಲ್ಲಿ ಇತಿಹಾಸ ಹೇಳುವ ಮೇಷ್ಟ್ರು ಅಂತ ಗೊತ್ತಾದ ದಿನ ಉಳಿದರ್ಧವೂ ಕರಗಬೇಕಿತ್ತು. ಅಷ್ಟರಲ್ಲಿ ಪಕ್ಕದ ಮೊಬೈಲ್ ಅಂಗಡಿಯವನು ಒಂದು ವಿಡಿಯೋ ತೋರಿಸಿಬಿಟ್ಟ.

ಡರ್ಮಟ್ ಬೆಳೆದದ್ದು ತನ್ನ ಅಜ್ಜಿಯ ಮನೆಯಲ್ಲಿ, ಬಾಗ್‌ಸೈಡ್ ಎಂಬ ಓಣಿಯಲ್ಲಿ. ಮದುವೆಯಾದ ಮೇಲೆ ಇವರಿಬ್ಬರೂ ಅದೇ ಸಾಲಿನ ಮನೆಯಲ್ಲಿ ಇರುವವರು. ವಿಡಿಯೋದಲ್ಲಿ ಬೆಂಕಿ, ಹೊಗೆ, ಕಲ್ಲು ತೂರುವ ಹುಡುಗರು, ಕೆಳಗೆ ದಪ್ಪ ಅಕ್ಷರದಲ್ಲಿ ‘ನೋ-ಗೋ ಏರಿಯಾ’. ಅರ್ಥ ಏನು ಅಂತ ಅಕ್ಕ ಕೇಳಿದ್ದಕ್ಕೆ ಅವನು, “ಪೊಲೀಸ್ರೂ ಕಾಲಿಡಾಕ ಅಂಜೋ ಜಾಗ ಅಂತ್ರಿ ಅಕ್ಕಾರೆ” ಅಂದನಂತೆ. ಆವತ್ತಿನಿಂದ ಅಕ್ಕನದು ಒಂದೇ ರಾಗ. “ಬಿಳಿಯ ಆಗ್ಲಿ, ಕರಿಯ ಆಗ್ಲಿ. ಪೊಲೀಸ್ರು ಹೋಗದ ಕಡೆ ನನ್ನ ಮಗಳ್ನ ಕಳಿಸ್ಲೇನು? ಅವರಪ್ಪ ಇದ್ದಿದ್ರ ಒಪ್ತಿದ್ನೇನು?” ಭಾವ ತೀರಿಕೊಂಡ ಮೇಲೆ ಬಳೆ ಮಾರಿ ಮಗಳನ್ನು ನರ್ಸ್ ಮಾಡಿದವಳು. ಅವಳಿಗೆ ಎದುರು ಮಾತಾಡುವ ಧೈರ್ಯ ನಮ್ಮ ಕುಲದಲ್ಲಿ ಯಾರಿಗೂ ಇಲ್ಲ. ಅನ್ನುವೂ ಅಷ್ಟೇ ಹಟಮಾರಿ. “ಅವ್ವ ಹೂಂ ಅಂದ್ರ ಮದುವಿ, ಇಲ್ಲಂದ್ರ ಇಲ್ಲ. ಓಡಿ ಹೋಗಿ ಮದುವಿ ಆಗೋಳಲ್ಲ ನಾನು” ಅಂತ ಕೂತಳು. ಮಂಡಿ ನೋವಿನ ಅಕ್ಕ ಅಷ್ಟು ದೂರ ಹೋಗುವಂತಿರಲಿಲ್ಲ. ಕೊನೆಗೆ ಎಲ್ಲರ ಬೆರಳೂ ನನ್ನ ಕಡೆ ತಿರುಗಿತು.

ನಾನು ಯಾರು ಅಂತೀರಾ? ನೀಲಾಂಬಿಕೆ. ತವರು ಕುರುಗೋಡು, ಬಾಳುವುದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. ನಾನೂ ನಮ್ಮೆಜಮಾನರೂ ಜೀನ್ಸ್ ಹೊಲಿಯುವ ಸಣ್ಣ ಕಾರ್ಖಾನೆ ನಡೆಸುತ್ತೇವೆ. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಜಗಳ ಆಡಬಲ್ಲೆ. ಇಂಗ್ಲಿಷಿನಲ್ಲಿ ಜಗಳ ಬರುವುದಿಲ್ಲ, ನಗು ಮಾತ್ರ ಬರುತ್ತದೆ.

ಬೆಲ್‌ಫಾಸ್ಟಿನಿಂದ ಬಸ್ಸು

ವಿಮಾನದ ಕಥೆ ಬಿಡ್ರಿ, ಎಲ್ಲರೂ ಬರೆದಿದ್ದಾರೆ. ಚೀಲ ತಪಾಸಣೆಯಲ್ಲಿ ನನ್ನ ಶೇಂಗಾ ಚಟ್ನಿಪುಡಿಯ ಡಬ್ಬಿ ತೆರೆದ ಅಧಿಕಾರಿ, ಒಮ್ಮೆ ಮೂಸಿ, ಏಳು ಸಲ ಸೀನಿ, ಕೈಮುಗಿದು ಕಳಿಸಿದ್ದಷ್ಟೇ ಹೇಳುವಂಥದ್ದು.

ಬೆಲ್‌ಫಾಸ್ಟಿನಲ್ಲಿ ಅನ್ನು ಬಂದು ಅಪ್ಪಿಕೊಂಡಳು. ಅಲ್ಲಿಂದ ಡೆರ್ರಿಗೆ ಬಸ್ಸು. ಕಿಟಕಿಯಾಚೆ ಹಸಿರು ಅಂದರೆ ಹಸಿರು. ಸಿರುಗುಪ್ಪದ ಗದ್ದೆಗಳಿಗೂ ಬೇಸಿಗೆಯಲ್ಲಿ ಒಂದಿಷ್ಟು ವಿಶ್ರಾಂತಿ ಇರುತ್ತದೆ, ಇಲ್ಲಿ ಅದೂ ಇಲ್ಲ. ಆದರೆ ನಾನು ನೋಡುತ್ತಿದ್ದದ್ದು ಕಿಟಕಿಯಾಚೆ ಅಲ್ಲ. ಪಕ್ಕದ ಸೀಟಿನವನ ಜೀನ್ಸ್ ಪ್ಯಾಂಟಿನ ಕಾಲಂಚನ್ನು. ಸರಪಳಿ ಹೊಲಿಗೆ, ಕಿತ್ತಳೆ ದಾರ, ಎಂಥಾ ಒಪ್ಪ! ನನಗೇ ಗೊತ್ತಿಲ್ಲದ ಹಾಗೆ ಬಗ್ಗಿ ಬಗ್ಗಿ, ಕೊನೆಗೆ ಬೆರಳಲ್ಲಿ ಮುಟ್ಟಿಯೇ ಬಿಟ್ಟೆ. ಆ ಮನುಷ್ಯ ಕಾಲು ಮೇಲೆತ್ತಿ ಕೂತ. ಅನ್ನು ಕೆಂಪಾಗಿ, “ಅಯ್ಯೋ ಚಿಗವ್ವ, ನಿನ್ನ ಕಾಲಿಗೆ ಬೀಳ್ತೀನಿ, ಸುಮ್ಮನ ಕೂಡು” ಅಂತ ಹಲ್ಲು ಕಚ್ಚಿ, ಅವನಿಗೆ ವಿಷಯ ತಿಳಿಸಿದಳು. ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಊರು ಬರುವ ತನಕ ಅವನೇ ಕಾಲು ಚಾಚಿ ಕೂತಿದ್ದ, ನೋಡಿಕೊಳ್ಳಲಿ ಅಂತ.

ಎಲ್ಲಿಗೆ ಹೋಗ್ತೀರಿ ಅಂತ ಅವನು ಕೇಳಿದ. ಬಾಗ್‌ಸೈಡ್ ಅಂದೆವು. ಅವನ ಮುಖ ಸ್ವಲ್ಪ ಬದಲಾಯಿತು. ತಾನು ಅದೇ ಊರಿನವನು, ನದಿಯ ಆಚೆ ದಂಡೆಯಲ್ಲಿ ಹುಟ್ಟಿ ಬೆಳೆದವನು, ಆದರೆ ಬಾಗ್‌ಸೈಡಿಗೆ ಒಮ್ಮೆಯೂ ಹೋಗಿಲ್ಲ ಅಂದ. ಯಾಕೆ ಅಂತ ಅನ್ನು ಕೇಳಿದರೆ ಕೆಟ್ಟದ್ದೇನೂ ಹೇಳಲಿಲ್ಲ. ಅವನ ಮಾತನ್ನು ಅನ್ನು ನನಗೆ ತಿರುಗಿಸಿ ಹೇಳಿದಳು, “ಚಿಕ್ಕಂದಿನಾಗ ಹೋಗಬ್ಯಾಡ ಅಂದಿದ್ರು, ದೊಡ್ಡಾವ ಆದಮ್ಯಾಲೆ ಹೋಗೋ ಕೆಲಸ ಬೀಳಲಿಲ್ಲ.” ನನಗೆ ನಗು ಬಂತು. ಬಳ್ಳಾರಿಯಲ್ಲಿ ನಮ್ಮ ಬ್ಯಾಂಕಿನ ಮೇಡಂ ಹೀಗೇ. ನಾವು ಹೊಲಿದ ಪ್ಯಾಂಟು ಹಾಕಿಕೊಂಡೇ, “ಕೌಲ್ ಬಜಾರಾ? ಅಬ್ಬಾ, ಆ ಕಡೆ ನಾನು ಬರಂಗಿಲ್ಲಮ್ಮ” ಅಂತಾರೆ. ಆಟೋದಲ್ಲಿ ಹತ್ತು ನಿಮಿಷದ ದಾರಿ.

ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ನಾನೂ ಹೇಳಿದೆ. ನಮ್ಮ ಕಂಡಕ್ಟರಿಗೆ ಹೀಗೆ ಹೇಳಿದರೆ, ಈಕೆ ಟಿಕೆಟ್ ತಗೊಂಡಿಲ್ಲ ಅಂತ ಅನುಮಾನ ಬರುತ್ತದೆ.

ಕೋಟೆ ಗೋಡೆಯ ಮೇಲೆ

ಮರುದಿನ ಡರ್ಮಟ್ ಊರು ತೋರಿಸಲು ಬಂದ. ಕೆಂಪು ಗಡ್ಡ, ಉದ್ದ ಕಾಲು, ಮಾತು ಶುರುಮಾಡಿದರೆ ನಿಲ್ಲಿಸುವುದಿಲ್ಲ. ಮೇಷ್ಟ್ರು ಅಂದರೆ ಮೇಷ್ಟ್ರೇ. ಹಳೇ ಊರಿನ ಸುತ್ತ ದಪ್ಪ ಕೋಟೆ ಗೋಡೆ, ಅದರ ಮೇಲೆ ಓಡಾಡಬಹುದು, ಅಲ್ಲಲ್ಲಿ ತೋಪುಗಳು ಬಾಯ್ತೆರೆದು ನಿಂತಿವೆ. ಗಾಳಿಗೆ ನನ್ನ ಇಳಕಲ್ ಸೀರೆ ಒಂದು ದಿಕ್ಕಿಗೆ, ನಾನೊಂದು ದಿಕ್ಕಿಗೆ. ಡರ್ಮಟ್ ತನ್ನ ಮಳೆ ಕೋಟು ಬಿಚ್ಚಿ ಹೊದಿಸಿದ. ಬುತ್ತಿ ಬಿಚ್ಚಿ ಕಡಕ್ ರೊಟ್ಟಿ ಮುರಿದಿದ್ದೆನೋ ಇಲ್ಲವೋ, ಒಂದು ಕಡಲಹಕ್ಕಿ ಬಂದು ಅರ್ಧ ರೊಟ್ಟಿ ಕಿತ್ತುಕೊಂಡು ಹಾರಿತು. “ಎಲಾ ಇವನ!” ಅಂತ ನಾನು ಕೂಗಿದೆ. ಅದು ತೋಪಿನ ಮೇಲೆ ಕೂತು ಆ ರೊಟ್ಟಿಯೊಂದಿಗೆ ಬಹಳ ಹೊತ್ತು ಕುಸ್ತಿ ಹಿಡಿಯಿತು. ಜೋಳದ ರೊಟ್ಟಿ ಅಂದರೆ ಹಾಗೇನೇ, ಹಲ್ಲು ಬೇಕು.

ಗೋಡೆಯ ಮೇಲಿಂದ ಕೆಳಗೆ ಕಾಣುವುದೇ ಬಾಗ್‌ಸೈಡ್. ಬಳ್ಳಾರಿ ಗುಡ್ಡ ಹತ್ತಿ ಕೋಟೆಯಿಂದ ನಮ್ಮ ಓಣಿ ನೋಡಿದ ಹಾಗೇ ಆಯಿತು ನನಗೆ. ಸಾಲು ಮನೆಗಳು, ಹೊಗೆಗೊಳವೆಗಳು, ಒಗೆದ ಬಟ್ಟೆ, ಚೆಂಡಾಡುವ ಮಕ್ಕಳು. ಮನೆಗಳ ಗೋಡೆಯ ಮೇಲೆ ಆಳೆತ್ತರಕ್ಕಿಂತ ದೊಡ್ಡ ಚಿತ್ರಗಳು. ಪೊಲೀಸರು ಹೋಗದ ಜಾಗ ಅಂದರೆ ಏನೇನೋ ಅಂದುಕೊಂಡಿದ್ದೆ. ಕೆಳಗೆ ಆ ಓಣಿಯಲ್ಲೇ ಒಬ್ಬ ಪೊಲೀಸಪ್ಪ ಚಿಪ್ಸ್ ತಿನ್ನುತ್ತಾ ನಡೆದು ಹೋದ.

“ಏನಪ್ಪಾ ಮೇಷ್ಟ್ರೇ, ಇದೇ ಏನು ನಿಮ್ಮ ನೋ-ಗೋ?” ಅಂತ ಅನ್ನುವಿನ ಕೈಲಿ ಕೇಳಿಸಿದೆ.

ಅವನು ಉತ್ಸಾಹದಿಂದ ಪಾಠ ಶುರುಮಾಡಿದ. ಇಂಗ್ಲಿಷಿನಲ್ಲಿ ಹಿಂದೆ ‘ನೋ ಗೋ’ ಅಂದರೆ ಜಾಗವೇ ಅಲ್ಲವಂತೆ. ಏನೋ ಮಾಡಹೋಗಿ ಆಗಲಿಲ್ಲ ಅನ್ನಿ, ಆಟ ನಡೆಯಲಿಲ್ಲ ಅನ್ನಿ, ಅದಕ್ಕೆ ‘ನೋ ಗೋ’. ನಾವು “ಸಾಗಂಗಿಲ್ಲ ಬಿಡು” ಅಂತೀವಲ್ಲ, ಹಾಗೆ. ಅದು ಜಾಗದ ಹೆಸರಾದದ್ದು ಅವನ ಅಜ್ಜಿಯ ಯೌವನದಲ್ಲಿ. ಇಲ್ಲಿನ ಜನ ತಮಗೆ ವೋಟಿಲ್ಲ, ಮನೆಯಿಲ್ಲ, ಕೆಲಸವಿಲ್ಲ ಅಂತ ಬೀದಿಗಿಳಿದು, ಪೊಲೀಸರ ಏಟು ತಿಂದು, ರೊಚ್ಚಿಗೆದ್ದು, ಓಣಿಯ ಬಾಯಿಗಳಿಗೆಲ್ಲ ಕಲ್ಲು, ಕಬ್ಬಿಣ, ಮುರಿದ ವಾಹನ ಅಡ್ಡ ಹಾಕಿದರು. ಪೊಲೀಸರೂ ಸೈನಿಕರೂ ಹೊರಗೆ ನಿಂತರು. ಹೊರಗೆ ನಿಂತವರೂ ಪತ್ರಿಕೆಯವರೂ ಕೊಟ್ಟ ಹೆಸರು ನೋ-ಗೋ ಏರಿಯಾ. ಕೆಲವರು ಆ ಮಾತು ಆಫ್ರಿಕಾದ ಕಾಡು ಯುದ್ಧದಿಂದ ಬಂತು ಅಂತಾರಂತೆ. ಅದರ ತವರು ಯಾವುದು ಅಂತ ಮೇಷ್ಟ್ರುಗಳು ಇನ್ನೂ ಜಗಳ ಆಡುತ್ತಿದ್ದಾರೆ.

“ಅಡ್ಡಗಟ್ಟಿದ್ದು ತೆಗೆದು ಎಷ್ಟೋ ಕಾಲ ಆತು, ಮಾತು ಮಾತ್ರ ಉಳೀತು” ಅಂದ ಡರ್ಮಟ್. ಉಳಿದದ್ದಷ್ಟೇ ಅಲ್ಲ, ಊರೂರು ತಿರುಗಿತಂತೆ. ಈಗ ದೊಡ್ಡ ಶಹರಗಳಲ್ಲಿ ಹೊರಗಿನಿಂದ ಬಂದ ಬಡವರು ಇರುವ ಓಣಿ ಕಂಡರೆ ಸಾಕು, ಟಿವಿಯಲ್ಲಿ ನೋ-ಗೋ ಅಂತಾರೆ. ಅಲ್ಲಿ ಅಡ್ಡಗಟ್ಟು ಇಲ್ಲ, ಏನೂ ಇಲ್ಲ. ಅಂಗಡಿ, ಮಸೀದಿ, ಶಾಲೆ, ಹೋಟೆಲು, ಅಷ್ಟೇ. “ನಮ್ಮಂಥಾ ಕಂದು ಮಾರಿ ಇರೋರ ಓಣಿ ಅಂತ ಹೇಳೋ ಮರಾಯಾ” ಅಂತ ಅನ್ನು ಚುಚ್ಚಿದಳು. ಅವನು ನಾಚಿಕೊಂಡು ಹೌದು ಅಂದ. ಅದು ಸಾಲದು ಅಂತ ಈಗ ಅದು ತಮಾಷೆಯ ಮಾತೂ ಆಗಿದೆ. ಅನ್ನುವಿನ ಆಸ್ಪತ್ರೆಯಲ್ಲಿ ಹಿರಿಯ ನರ್ಸಮ್ಮ ಬೆಳಗಿನ ಕಾಫಿ ಕುಡಿಯುವ ತನಕ ನೋ-ಗೋ ಅಂತೆ. ಹೆಡ್‌ಮಾಸ್ಟರರ ಹತ್ತಿರ ರಜೆ ಕೇಳುವುದೂ ನೋ-ಗೋ.

ನನಗೆ ನಮ್ಮ ಮಾವನವರ ನೆನಪು ಬಂತು. ಮಾವನವರ ಅಪ್ಪ ಬಳ್ಳಾರಿಯ ದಂಡಿನಲ್ಲಿ, ಅಂದರೆ ಬಿಳಿ ಸಿಪಾಯಿಗಳಿದ್ದ ಕಾಲದಲ್ಲಿ, ಅವರ ಅಂಗಿ ಹೊಲಿಯುತ್ತಿದ್ದವರು. ಕೌಲ್ ಬಜಾರಿನ ಒಂದು ಸಂದಿಯ ಬಾಯಿಗೆ ‘ಔಟ್ ಆಫ್ ಬೌಂಡ್ಸ್’ ಅಂತ ಹಲಗೆ ಇತ್ತು ಅಂತ ಮಾವನವರು ಹೇಳುತ್ತಿದ್ದರು. “ಅದು ನಮಗಲ್ಲವ್ವಾ, ಅವರಿಗೆ! ಸಿಪಾಯಿ ಒಳಗ ಬರಬಾರ್ದು ಅಂತ. ನಾವು ಒಳಗ ಹಾಯಾಗಿದ್ವಿ” ಅಂತ ಮೀಸೆ ತಿರುವುತ್ತಿದ್ದರು. ಸಿಪಾಯಿ ಹೋದ, ಹಲಗೆ ಹೋಯಿತು. ಆದರೆ ಅಲ್ಲಿ ಹೋಗಬಾರದು ಅನ್ನುವುದು ಊರವರ ಬಾಯಲ್ಲಿ ಹಾಗೇ ನಿಂತುಬಿಟ್ಟಿತು, ನಮ್ಮ ಹಣೆಗೆ ಅಂಟಿಸಿದ ಹಾಗೆ.

ನನ್ನ ಲಗ್ನದ ಮಾತು ಬಂದಾಗ ಕುರುಗೋಡಿನಲ್ಲಿ ನೆಂಟರೆಲ್ಲ ಅಪ್ಪನ ತಲೆ ತಿಂದಿದ್ದರು. “ಕೌಲ್ ಬಜಾರಕ್ಕ ಹೆಣ್ಣು ಕೊಡ್ತೀಯೇನು? ಬಾವಿಗೆ ನೂಕಿದಂಗ.” ಅಪ್ಪ ಒಲ್ಲದ ಮನಸ್ಸಿನಿಂದಲೇ, ಆಗಲೇ ಮದುವೆಯಾಗಿದ್ದ ಅಕ್ಕನನ್ನು ಕರೆದುಕೊಂಡು ಮನೆ ನೋಡಲು ಹೋದ. ಬ್ಯಾಡ ಅಂತ ಹೇಳಿ ಬರುವುದು ಅವನ ಲೆಕ್ಕ. ಒಗ್ಗರಣೆ ತಿಂದ, ನೀರು ಕುಡಿದ. ತಿರುಗಿ ನೋಡುತ್ತಾನೆ, ಅಡುಗೆಮನೆ ಬಾಗಿಲಲ್ಲಿ ಅಕ್ಕ ಕೂತು ಬೆಲ್ಲದ ಗೋಧಿ ಹುಗ್ಗಿ ಹೊಡೆಯುತ್ತಿದ್ದಾಳೆ! ತಟ್ಟೆ ಕಸಿಯುವಂತಿಲ್ಲ, ಉಗಿಸುವಂತಿಲ್ಲ. ಮಾತು ಕೊಟ್ಟ ಹಾಗಾಯಿತು. ಕುರುಗೋಡಿನ ತನಕ ಅಪ್ಪ ಬೈದ ಬೈಗುಳಕ್ಕೆ ಬಸ್ಸೇ ನಕ್ಕಿತಂತೆ. “ತಿಂಡಿಪೋತಿ! ಸಿಹಿ ಕಂಡ್ರ ಪದ್ಧತಿನೂ ಮರೀತೀಯಲ್ಲಲೇ!” ಇಂದಿಗೂ ನಮ್ಮಲ್ಲಿ ಯಾವ ಮದುವೆಯಾದರೂ ಈ ಕಥೆ ಹೇಳಿ ಅಕ್ಕನನ್ನು ಕಾಡಿಸುತ್ತೇವೆ. ಆ ಮರೆವಿನಿಂದಲೇ ನನಗೆ ಒಳ್ಳೇ ಗಂಡ, ಒಳ್ಳೇ ಓಣಿ ಸಿಕ್ಕಿತು.

ಅಂಥವಳು ಈಗ ನನಗೆ ಸಿಹಿ ತಿನ್ನಬೇಡ ಅಂತಾಳೆ, ನೋಡ್ರಿ.

ರೋಜ್ ಅಜ್ಜಿಯ ಅಡುಗೆಮನೆ

ಡರ್ಮಟ್‌ನ ಅಜ್ಜಿಯ ಹೆಸರು ರೋಜ್. ಎಪ್ಪತ್ತು ದಾಟಿದೆ, ಗಿಡ್ಡ ಆಳು, ಕಣ್ಣಲ್ಲಿ ಕಿಡಿಗೇಡಿತನ. ಆಕೆಯ ಇಂಗ್ಲಿಷು ಅನ್ನುವಿಗೇ ಮೊದಲ ಆರು ತಿಂಗಳು ತಿಳಿದಿರಲಿಲ್ಲವಂತೆ. ಹೀಗಾಗಿ ಅನ್ನು ಎಲ್ಲವನ್ನೂ ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದಳು. ರೋಜ್ ಅಜ್ಜಿ ಇಲ್ಲಿ ಸಿರುಗುಪ್ಪದ ಕನ್ನಡ ಆಡಿದರೆ ನೀವು ಗಾಬರಿಯಾಗಬೇಡಿ.

ಆ ಊರಲ್ಲಿ ಮನೆಗೆ ಬಂದವರಿಗೆ ಚಹಾ ಕೊಡದೆ ಬಿಡುವುದಿಲ್ಲ. ಬೇಡ ಅನ್ನಬೇಕು, ಅವರು ಒತ್ತಾಯ ಮಾಡಬೇಕು, ಮತ್ತೆ ಬೇಡ ಅನ್ನಬೇಕು, ಅವರು ಕೆಟಲ್ ಹಚ್ಚಿಯೇ ಬಿಡಬೇಕು. ಥೇಟ್ ನಮ್ಮ ಹಾಗೆ. ಆದರೆ ಚಹಾಕ್ಕೂ ಸಕ್ಕರೆ ಹಾಕುತ್ತಾರಲ್ಲ? ಸಕ್ಕರೆ ಸಿಹಿಯಲ್ಲವೇ? ನಾನು ಬೇಡ ಬೇಡ ಅಂತ ಸಪ್ಪನೆ ಚಹಾ ಕುಡಿದೆ. ಅದಕ್ಕಿಂತ ನಮ್ಮ ಕಡೆ ಬಾಣಂತಿಗೆ ಕೊಡುವ ಕಷಾಯವೇ ರುಚಿ. ಆಕೆ ಬಿಸ್ಕತ್ತು ತಂದಿಟ್ಟಳು. ಬೇಡ. ಜಾಮು ಹಚ್ಚಿದ ಬನ್ನು. ಬೇಡ. ಮಾಂಸದ ಸ್ಯಾಂಡ್‌ವಿಚ್. ಅದು ಬೇರೆಯೇ ಕಾರಣಕ್ಕೆ ಬೇಡ. ಒಂದೊಂದು ತಟ್ಟೆ ಬಂದಾಗಲೂ ಅನ್ನು ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳಿಗೆ ಪದ್ಧತಿ ಗೊತ್ತು, ಅವರಾರಿಗೂ ಹೇಳಿರಲಿಲ್ಲ. ಹೇಳಿ ತಿನ್ನಿಸಿದರೆ ಅದು ಒಪ್ಪಿಗೆಯಾಗುವುದಿಲ್ಲ ಅಂತ ಅವಳ ನ್ಯಾಯ. ನಾನು ಆ ಹುಡುಗಿಯ ಕಣ್ಣು ತಪ್ಪಿಸಿ ಚಹಾ ಹೀರಿದೆ.

ಎರಡನೇ ಸಲ ಹೋದಾಗ ರೋಜ್ ಅಜ್ಜಿ ಸಕ್ಕರೆ ಕಾಯಿಲೆಯವರ ಬಿಸ್ಕತ್ತು ತಂದಿಟ್ಟಿದ್ದಳು, ಪಾಪ, ಊರೆಲ್ಲ ಹುಡುಕಿ. ನನಗೆ ನಾಚಿಕೆಯಾಗಿ ಶೇಂಗಾ ಚಟ್ನಿ, ರೊಟ್ಟಿ ಬಿಚ್ಚಿದೆ. ಆಕೆ ಒಂದು ಚಮಚ ಚಟ್ನಿ ಹಾಗೇ ಬಾಯಿಗೆ ಸುರಿದುಕೊಂಡಳು. ಕಣ್ಣಲ್ಲಿ, ಮೂಗಲ್ಲಿ ನೀರು ಹರಿಯಿತು. “ಛಲೋ ಐತಿ” ಅಂತ ಮತ್ತೆ ಚಮಚ ಹಾಕಿದಳು. ನನಗೆ ಆಕೆ ಹಿಡಿಸಿದ್ದು ಆಗಲೇ.

ಮೂರನೇ ಸಲ

ಮೂರನೇ ಸಲ ಹೋದದ್ದು ಬೆಳಗಿನ ಚಹಾದ ಹೊತ್ತಿಗೆ. ಬಾಗಿಲು ತೆರೆದೇ ಇತ್ತು. ಪಕ್ಕದ ಮನೆಯಾಕೆ ಕೂಗದೆ, ತಟ್ಟದೆ ಒಳಗೆ ಬಂದು ಹಾಲಿನ ಬಾಟ್ಲಿ ಎತ್ತಿಕೊಂಡು, ನನಗೊಂದು ನಗು ಎಸೆದು ಹೋದಳು. ಕೌಲ್ ಬಜಾರಿನಲ್ಲಿ ನಮ್ಮ ಪಕ್ಕದ ಶಮೀಮ್ ಬೀ ಹೀಗೇ ಬಂದು ಕರಿಬೇವು ಕಿತ್ತುಕೊಂಡು ಹೋಗುತ್ತಾಳೆ.

ರೋಜ್ ಅಜ್ಜಿ ನನ್ನ ರವಿಕೆಯ ತೋಳನ್ನು ಹಿಡಿದು ತಿರುವಿ ಹೊಲಿಗೆ ನೋಡಿದಳು. ಯಾರು ಹೊಲಿದದ್ದು ಅಂದಳು. ನಾನೇ ಅಂದೆ. ಆಕೆ ಒಳಗೆ ಹೋಗಿ ಒಂದು ಹಳೇ ಬಿಳಿ ಕಾಲರು ತಂದಳು. ಆ ಊರು ಅಂಗಿ ಕಾರ್ಖಾನೆಗಳ ಊರಾಗಿತ್ತಂತೆ, ಹೆಂಗಸರೇ ದುಡಿದು ಮನೆ ಸಾಕುತ್ತಿದ್ದರಂತೆ. ರೋಜ್ ಕಾಲರು ಹೊಲಿಯುತ್ತಿದ್ದವಳು. ಆ ತುದಿಯ ಚೂಪು ನೋಡಿ ನನ್ನ ಬಾಯಿಂದ “ಶಭಾಷ್” ಬಂತು. ಅದಕ್ಕೆ ಅನುವಾದ ಬೇಕಾಗಲಿಲ್ಲ. ಮಷಿನ್ನಿನಲ್ಲಿ ಬೆರಳು ಚುಚ್ಚಿಸಿಕೊಂಡ ಗುರುತನ್ನು ಆಕೆ ತೋರಿಸಿದಳು, ನಾನು ನನ್ನದು ತೋರಿಸಿದೆ. ಇಬ್ಬರದೂ ಅದೇ ಬೆರಳು.

ಆಮೇಲೆ ನಾನು ಬಂದ ಕೆಲಸದ ಮಾತಿಗೆ ಬಂದೆ. ನಮ್ಮಕ್ಕನಿಗೆ ಇರುವ ಹೆದರಿಕೆ ಹೇಳಿದೆ. ನೋ-ಗೋ ಏರಿಯಾ ಅಂತ ಕೇಳಿ ಜೀವ ಕೈಯಲ್ಲಿ ಹಿಡಿದುಕೊಂಡಿದ್ದಾಳೆ ಅಂದೆ. ಡರ್ಮಟ್ ಮುಖ ಬಾಡಿತು. ರೋಜ್ ಅಜ್ಜಿ ಮಾತ್ರ ಗಹಗಹಿಸಿ ನಕ್ಕಳು.

“ಆ ಹೆಸ್ರು ನಾವು ಇಟ್ಟಿದ್ದಲ್ಲ. ಹೊರಗ ನಿಂತಾವ್ರು ಇಟ್ಟಿದ್ದು. ಅವ್ರಿಗೆ ಬರಾಕ ಆಗ್ತಿರ್ಲಿಲ್ಲ, ಅದಕ್ಕ ನೋ-ಗೋ. ನಮಗ ಅದು ಮನಿ. ಬಾಗ್ಲ ಹಾಕ್ತಿದ್ದಿಲ್ಲ, ಒಬ್ರ ಮನಿ ಬ್ರೆಡ್ಡು ಇನ್ನೊಬ್ರ ಮನ್ಯಾಗ ತಿಂತಿದ್ವಿ. ಎಲ್ಲಾ ಹಾಡು ಕುಣಿತ ಇತ್ತು ಅಂದ್ರ ಸುಳ್ಳಾಗ್ತದ. ಜನ ಸತ್ತಾರ, ಮಗಳೇ. ನನ್ನ ಜೋಡಿ ಕೆಲಸ ಮಾಡೋ ಹುಡುಗಿಯ ತಮ್ಮ ಸತ್ತ. ಅದನ್ನ ಮರಿಯಂಗಿಲ್ಲ.” ಆ ಹಳೇ ಕಾಲರನ್ನು ನೀವಿ ಮಡಿಸಿಟ್ಟಳು. ಆಮೇಲೆ ಕಣ್ಣಲ್ಲಿ ಮತ್ತೆ ಆ ಕಿಡಿ. “ಆದ್ರ ನನ್ನ ಮದುವಿನೂ ಆಗ್ಲೇ ಆತು. ಆ ಅಡ್ಡಗಟ್ಟಿನ ಒಳಗ.”

ಆಕೆಯ ಚಿಗವ್ವ ಇದ್ದದ್ದು ಊರಾಚೆ. ಮದುವೆಯ ಕೇಕು ಮಾಡಿದ್ದೂ ಅವಳೇ. ನೆಂಟರೆಲ್ಲ ಅಲ್ಲಿಗೆ ಹೋಗಬೇಡ, ಅದು ನೋ-ಗೋ ಅಂದರಂತೆ. ಚಿಗವ್ವ ಕೇಳಲಿಲ್ಲ. ಹೊಸ ಹ್ಯಾಟು ಹಾಕಿಕೊಂಡು, ಮೂರಂತಸ್ತಿನ ಕೇಕು ಹೊತ್ತುಕೊಂಡು, ಸೈನಿಕರ ಮುಂದೆಯೇ ನಡೆದು ಬಂದು, ಅಡ್ಡ ಮಲಗಿಸಿದ್ದ ಬಸ್ಸಿನ ಎದುರು ನಿಂತು, “ಯಾರ್ರೋ ಅಲ್ಲಿ, ಕೈ ಕೊಡ್ರಿ!” ಅಂತ ಕೂಗಿದಳಂತೆ. ಒಳಗಿನ ಹುಡುಗರು ಬಸ್ಸಿನ ಮೇಲೆ ಹತ್ತಿ ಮೊದಲು ಚಿಗವ್ವನನ್ನು ಎತ್ತಲು ಹೋದರು. “ನನ್ನಲ್ಲ ಮುಠ್ಠಾಳ್ರಾ, ಕೇಕು ಮೊದ್ಲು!” ಹುಡುಗರು ಕೇಕು ಎತ್ತಿದರು. ಹೊರಗಿದ್ದ ಒಬ್ಬ ಸೈನಿಕನಿಗೆ ತಡೆಯಲಾಗದೆ, ಬಂದೂಕು ಬೆನ್ನಿಗೆ ಹಾಕಿಕೊಂಡು, ಹಿಂದಿನಿಂದ ಚಿಗವ್ವನನ್ನು ನೂಕಿ ಮೇಲೇರಿಸಿದನಂತೆ. ಬಸ್ಸಿನ ಆ ಕಡೆಗೆ ಆಕೆ ಜಾರಿ ಬಿದ್ದದ್ದು ನೇರ ಕೇಕಿನ ಮೇಲೆ. ಮೇಲಿನ ಅಂತಸ್ತು ಅಪ್ಪಚ್ಚಿ. ಮದುವೆಯ ಫೋಟೋದಲ್ಲಿ ಕೇಕು ಎರಡೇ ಅಂತಸ್ತು, ಚಿಗವ್ವನ ಹೊಸ ಕೋಟಿಗೆಲ್ಲ ಕೆನೆ.

ಮೂಲೆಯ ಕುರ್ಚಿಯಲ್ಲಿ ಆಕೆಯ ಗಂಡ ಕೂತಿದ್ದರು. ಕಿವಿ ಪೂರಾ ಮಂದ, ಇದುವರೆಗೆ ಒಂದು ಮಾತಿಗೂ ತಲೆ ಎತ್ತಿರಲಿಲ್ಲ. ರೋಜ್ ಕೈಯಲ್ಲಿ ಕೇಕಿನ ಆಕಾರ ಮಾಡಿ ತೋರಿಸಿದ ಕೂಡಲೇ ಅವರು ಹೆಗಲು ಕುಣಿಸಿ ನಗತೊಡಗಿದರು. ಅವರ ನಗು ನೋಡಿ ನನಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕೆ. ನಗುತ್ತಾ ನಗುತ್ತಾ ಕೈ ತಟ್ಟೆಗೆ ಹೋಯಿತು. ಎದುರಿಗೆ ಬಿಸಿ ಬಿಸಿ ಸೇಬಿನ ಟಾರ್ಟು, ನಮ್ಮ ಸಿಹಿ ಕಡುಬಿನಂಥದ್ದು, ಇತ್ತು. ಮುರಿದೆ, ಬಾಯಿಗೆ ಹಾಕಿಕೊಂಡೆ.

ಆಗ ಅನ್ನುವಿನ ಮುಖ ಕಂಡಿತು. ಹುಡುಗಿ ಎರಡೂ ಕೈ ಬಾಯಿಗೆ ಇಟ್ಟುಕೊಂಡು, ಕಲ್ಲಿನ ಹಾಗೆ ಕೂತಿದ್ದಳು.

ಎಪ್ಪಾ! ಬಾಯ್ತುಂಬಾ ಸಿಹಿ. ಸೇಬು, ಸಕ್ಕರೆ, ಬೆಣ್ಣೆ, ದಾಲ್ಚಿನ್ನಿ. ಉಗುಳಲೇ? ಎದುರಿಗೆ ರೋಜ್ ಅಜ್ಜಿ, ಅಂತೂ ಈ ಹೆಂಗಸು ತಿಂದಳಲ್ಲ ಅಂತ ಮಗುವಿನ ಹಾಗೆ ಸಂಭ್ರಮ ಪಡುತ್ತಿದ್ದಾಳೆ. ಡರ್ಮಟ್ ಏನೂ ತಿಳಿಯದೆ ನಮ್ಮಿಬ್ಬರನ್ನು ನೋಡುತ್ತಿದ್ದಾನೆ. ತೆರೆದ ಬಾಗಿಲಲ್ಲಿ ಪಕ್ಕದ ಮನೆಯಾಕೆ ಹಾಲು ವಾಪಸ್ ತಂದು ನಿಂತಿದ್ದಾಳೆ. ನಾನು ನಿಧಾನ ಅಗಿದೆ. ನುಂಗಿದೆ. ಸಿರುಗುಪ್ಪದಲ್ಲಿ ಅಕ್ಕನ ಮಾರಿ ಹೇಗಾಗುತ್ತದೆ ಅಂತ ನೆನೆಸಿಕೊಂಡೆ. ಆಮೇಲೆ ಉಳಿದ ಚೂರನ್ನೂ ಮುಗಿಸಿ, ಖಾಲಿ ತಟ್ಟೆಯನ್ನು ರೋಜ್ ಅಜ್ಜಿಯ ಮುಂದೆ ನೂಕಿ, ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ, “ಒನ್ ಮೋರ್.”

ಅನ್ನು ಎದ್ದು ಬಂದು ನನ್ನ ಕುತ್ತಿಗೆಗೆ ಬಿದ್ದಳು.

ಸಿರುಗುಪ್ಪಕ್ಕೆ ಫೋನು

ತಡಮಾಡಿದರೆ ಧೈರ್ಯ ಹೋಗುತ್ತದೆ ಅಂತ ಅಲ್ಲೇ ಮೇಜಿನ ಮೇಲೆ ಫೋನು ನಿಲ್ಲಿಸಿ ಅಕ್ಕನಿಗೆ ವಿಡಿಯೋ ಹಚ್ಚಿದೆವು. ಅಲ್ಲಿ ಇಳಿಹೊತ್ತು. ಅಂಗಡಿಯ ಬಳೆ ಸರಗಳ ನಡುವೆ ಅಕ್ಕನ ಮುಖ ಬಂತು. ನಾನು ನಮಸ್ಕಾರ, ಆರಾಮ ಏನೂ ಅನ್ನದೆ ಬಡಬಡ ಒದರಿದೆ.

“ಅಕ್ಕ, ಬೈಬ್ಯಾಡ. ನಕ್ಕೊಂತ ಕುಂತಿದ್ದೆ, ಮರ್ತು ತಿಂದೆ. ಸಿಹಿ ತಿಂದೆ.”

ಅಕ್ಕ ಬಳೆ ಒರೆಸುವುದನ್ನು ನಿಲ್ಲಿಸಿದಳು.

“ಎಷ್ಟು?”

“ಏನೆಷ್ಟು?”

“ಎಷ್ಟು ತುಂಡು ತಿಂದೀಯಲೇ?”

“ಎರಡು.”

“ಒಂದನೇದು ಮರ್ತು ತಿಂದಿ. ಎರಡನೇದು?”

ಪಕ್ಕದಲ್ಲಿ ಅನ್ನು ನನ್ನ ಸೆರಗಿನ ತುದಿಯನ್ನು ಹಗ್ಗದ ಹಾಗೆ ಹೊಸೆಯುತ್ತಿದ್ದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. “ಎರಡನೇದು ಕೇಳಿ ಹಾಕಿಸ್ಕೊಂಡೆ ಅಕ್ಕ. ಇದು ನಮ್ಮ ಕೌಲ್ ಬಜಾರ ಇದ್ದಂಗ ಐತಿ. ನಮ್ಮ ಹುಡುಗಿ ಇಲ್ಲಿ ಚೆಂದ ಬಾಳ್ತಾಳ.”

ಅಕ್ಕ ಕೈಯಲ್ಲಿದ್ದ ಬಳೆ ಕೆಳಗಿಟ್ಟು, ಫೋನನ್ನು ಮುಖದ ಹತ್ತಿರ ಹಿಡಿದಳು. ಆಮೇಲೆ ಅವಳ ದನಿ ಬಂತು, ಸಣ್ಣಗೆ.

“ನಿನ್ನ ಅತ್ತಿ ಮನ್ಯಾಗ ನಾನು ಹುಗ್ಗಿ ಮರ್ತು ತಿಂದೆ ಅಂತ ಇಷ್ಟು ವರ್ಷ ಎಲ್ಲಾರೂ ನಕ್ರಿ. ಅಪ್ಪ ಬಸ್ಸಿನಾಗ ಎಲ್ಲಾರ ಮುಂದ ತಿಂಡಿಪೋತಿ ಅಂದ. ಅನ್ನಿಸ್ಕೊಂಡೆ. ಆವತ್ತು ನಿನ್ನ ಅತ್ತಿ ನನ್ನ ಕೈ ಹಿಡಿದು ಒಳಗ ಕರ್ಕೊಂಡು ಹೋದ್ಲು. ಓಣ್ಯಾಗಿನ ಹೆಣ್ಮಕ್ಳೆಲ್ಲಾ ಬಂದು ಮಾತಾಡಿಸಿದ್ರು. ಒಂದು ಬಾಗ್ಲನೂ ಹಾಕಿದ್ದಿಲ್ಲ. ನಮ್ಮ ನೀಲಿ ಇಲ್ಲಿ ಬಾಳ್ತಾಳ ಅನ್ನಿಸ್ತು. ಅಪ್ಪಗ ಹೇಳಿದ್ರ ಕೇಳ್ತಿದ್ನೇನು? ಅದಕ್ಕ ತಿಂದೆ.” ಸೆರಗಿನಿಂದ ಕಣ್ಣೊರೆಸಿಕೊಂಡಳು, ನಕ್ಕಳು. “ನೀ ಎರಡು ತುಂಡು. ನಾನು ಮೂರು ಸರ್ತಿ ಹಾಕಿಸ್ಕೊಂಡಿದ್ದೆ.”

ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ, ಎರಡೂ ಕೂಡಿಯೇ ಬಂದವು. ನನ್ನ ಇಡೀ ಬಾಳನ್ನು ಒಂದು ತಟ್ಟೆ ಹುಗ್ಗಿಯಲ್ಲಿ ಗೆದ್ದುಕೊಟ್ಟು, ಇಷ್ಟು ವರ್ಷ ತಿಂಡಿಪೋತಿ ಅನ್ನಿಸಿಕೊಂಡು ಸುಮ್ಮನಿದ್ದಳಲ್ಲ ನಮ್ಮಕ್ಕ!

“ಹಂಗಿದ್ರ ನನಗ್ಯಾಕ ತಿನ್ನಬ್ಯಾಡ ಅಂದಿ?” ಅಂತ ಬಿಕ್ಕುತ್ತಲೇ ಕೇಳಿದೆ.

“ತಿನ್ನು ಅಂದಿದ್ರ ಯಾರ ಮನ್ಯಾಗಾದ್ರೂ ತಿಂತಿದ್ದಿ, ನಿನ್ನ ಬಾಯಿ ನನಗ ಗೊತ್ತಿಲ್ಲೇನು? ಬ್ಯಾಡ ಅಂದಮ್ಯಾಲೂ ತಿಂದ್ರ ಆ ಮನಿ ಛಲೋ ಐತಿ ಅಂತ ನನಗ ತಿಳೀತದ. ಸಾಕು, ಅಳಬ್ಯಾಡ, ಅಂಗಡ್ಯಾಗ ಗಿರಾಕಿ ಬಂದಾರ. ಆ ಅಜ್ಜಿ ಕೈ ಅಳತಿ ತಗೋ. ಮದುವಿಗೆ ಆಕಿಗೂ ಬಳಿ ಕಳಿಸ್ತೀನಿ.”

ನನ್ನ ಚೀಲದಲ್ಲಿ ಅಳತೆ ಪಟ್ಟಿ ಯಾವಾಗಲೂ ಇರುತ್ತದೆ. ತೆಗೆದೆ. ಏನು, ಯಾಕೆ ಅಂತ ಒಂದು ಮಾತೂ ಕೇಳದೆ ರೋಜ್ ಅಜ್ಜಿ ತೋಳು ಮೇಲೆ ಸರಿಸಿ ಕೈ ಚಾಚಿದಳು.